ಊರು ಬಾಗಿಲು ಮುಚ್ಚಿದ ವರ್ಷ

“ಇನ್ನೂ ಮುಗಿಯಲಿಲ್ಲವೆ ನಿನ್ನ ಓದು?” ಮದುವೆ ಮುಂಜಿಗಳಲ್ಲಿ, ಸಂಘದ ಕೂಟಗಳಲ್ಲಿ ಈ ಪ್ರಶ್ನೆ ಕೇಳದವರು ನಮ್ಮಲ್ಲಿ ವಿರಳ. ಪಿಎಚ್.ಡಿ.ಗಾಗಿ ದುಡಿಯುವ ಮಕ್ಕಳು ಕೇಳಿ ತಲೆ ತಗ್ಗಿಸುತ್ತಾರೆ. 2020ರ ಸುಮಾರಿಗೆ ಸಂಶೋಧನೆ ಕೈಗೊಂಡವರನ್ನು ಹಾಗೆ ಕೇಳುವ ಮೊದಲು ಅವರು ಪಟ್ಟ ಪಾಡನ್ನು ತಿಳಿಯುವುದು ಒಳಿತು.

ಸಮಾಜಶಾಸ್ತ್ರ, ಜಾನಪದ, ಸಸ್ಯಶಾಸ್ತ್ರ ಮೊದಲಾದವುಗಳಲ್ಲಿ ಊರು, ಕಾಡುಗಳೇ ಪ್ರಯೋಗಶಾಲೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಪ್ರಯಾಣಿಕರ ರೈಲುಗಳು ನಿಂತವು. ಅವು ಮತ್ತೆ ಓಡತೊಡಗಿದ ಮೇಲೂ ಪಟ್ಟಣದಿಂದ ಬಂದವರೆಂದರೆ ಹಳ್ಳಿಗೆ ಅಂಜಿಕೆ. ಅದು ತಪ್ಪೂ ಅಲ್ಲ. ಹಾಡು ಹೇಳಿಕೊಡುವ ಅಜ್ಜಿಗೆ ರೋಗ ಅಂಟಿಸಿ ಬರುವುದು ಯಾವ ವಿದ್ಯೆ?

ಫೋನಿನಲ್ಲಿ ಕೇಳಬಹುದಿತ್ತಲ್ಲ ಎನ್ನುವಿರಿ. ಮನೆಯ ಫೋನು ಗಂಡಸರ ಜೇಬಿನಲ್ಲಿರುವ ಕಡೆ ಹೆಂಗಸರ ಮಾತು ಸಿಕ್ಕುವುದೆಂತು? ಹೂ ಬಿಡುವ ಋತು, ನಾಟಿಯ ಕಾಲ, ಊರ ಜಾತ್ರೆ ಇವು ಒಮ್ಮೆ ತಪ್ಪಿದರೆ ಮತ್ತೊಂದು ವರ್ಷ ಕಾಯಲೇಬೇಕು.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕಡೆಯ ಹಂತದಲ್ಲಿದ್ದವರಿಗೆ ಪ್ರಬಂಧ ಒಪ್ಪಿಸುವ ಗಡುವನ್ನು ಆರಾರು ತಿಂಗಳಂತೆ ಮುಂದೂಡಿತು. ಆದರೆ ಶಿಷ್ಯವೇತನದ ಅವಧಿ ಐದೇ ವರ್ಷವೆಂದು 2020ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಆಗ ಅದು ಮೊದಲೆರಡು ವರ್ಷ ತಿಂಗಳಿಗೆ 31,000 ರೂಪಾಯಿ, ಅನಂತರ 35,000. ಕಾಲವೇನೋ ಸಿಕ್ಕಿತು, ಕಾಸು ಸಿಕ್ಕಲಿಲ್ಲ. ಆಗಷ್ಟೇ ಹೊರಟವರಿಗೆ ಎರಡೂ ಇಲ್ಲ.

ಇಲ್ಲಿ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸರು ನೆನಪಾಗುತ್ತಾರೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ ಸಂಗ್ರಹಿಸಿ, ಮುಂದೆ ವಿಂಗಡಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಸಿಕ್ಕಿದವು. ಹೆಚ್ಚಾಗಿ ನೆನಪಿನ ಬಲದಿಂದಲೇ ಅವರು ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು ಹೆಸರಾಯಿತು. ಅವರ ಕಾಗದ ಸುಟ್ಟಿತು, ಊರು ಮನಸ್ಸಿನಲ್ಲಿ ಉಳಿದಿತ್ತು. ಈ ತರುಣರಿಗಾದರೋ ಊರೇ ದಕ್ಕಲಿಲ್ಲ, ನೆನೆಯುವುದಾದರೂ ಏನನ್ನು?

ಕೆಲವರು ವಿಷಯ ಬದಲಿಸಿ ಹಳೆಯ ದಾಖಲೆಗಳ ಮೊರೆ ಹೊಕ್ಕರು. ಕೆಲವರು ಕೈಬಿಟ್ಟರು. ತಡವಾದದ್ದು ಸೋಮಾರಿತನದಿಂದಲ್ಲ. ಅಂಥವರು ನಿಮ್ಮ ಮನೆಗೆ ಬಂದರೆ “ಯಾವಾಗ ಮುಗಿಯುತ್ತದೆ?” ಎನ್ನಬೇಡಿ. “ಕಡೆಗೆ ಆ ಊರಿಗೆ ಹೋಗುವುದಾಯಿತೆ?” ಎಂದು ಕೇಳಿ, ಒಂದು ಲೋಟ ಕಾಫಿ ಕೊಟ್ಟು, ಅವರು ಹೇಳುವುದನ್ನು ಪೂರ್ತಿ ಕೇಳಿ.