ಆಂಪಿಯರ್ ಇಳಿದ ಮಾತ್ರಕ್ಕೆ ಚಾರ್ಜರ್ ಕೆಟ್ಟಿಲ್ಲ

ಬೀದರ್: ಜೆಸ್ಕಾಂ ಪೂರೈಕೆ ಕಡಿತಗೊಂಡಾಗ ಬೀದರ್ ನಗರ, ಭಾಲ್ಕಿ, ಔರಾದ್‌ಗಳ ಅನೇಕ ಮನೆ, ಅಂಗಡಿಗಳಿಗೆ ಇನ್ವರ್ಟರೇ ಆಸರೆ. ವಿದ್ಯುತ್ ಮರಳಿದ ಬಳಿಕ ಅದರ ಬ್ಯಾಟರಿ ತುಂಬುವ ಬಗೆ ಹೇಗೆ?

ಬರಿದಾದ ಬ್ಯಾಟರಿ ಸಿಕ್ಕಷ್ಟೂ ವಿದ್ಯುತ್ ಸೆಳೆಯಲು ಹವಣಿಸುತ್ತದೆ. ಆದ್ದರಿಂದ ಉತ್ತಮ ಚಾರ್ಜರ್ ಮೊದಲು ವಿದ್ಯುತ್ ಪ್ರವಾಹವನ್ನು ಮಿತಿಯಲ್ಲಿ ಸ್ಥಿರವಾಗಿರಿಸುತ್ತದೆ. 150 ಆಂಪಿಯರ್-ಅವರ್ ಬ್ಯಾಟರಿಗೆ ಸಾಮಾನ್ಯವಾಗಿ 15 ಆಂಪಿಯರ್ ಆಸುಪಾಸು. ಆಗ ವೋಲ್ಟೇಜ್ ತಾನಾಗಿಯೇ ಏರುತ್ತದೆ. 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ ಅದು 14.4ರ ಸನಿಹ ತಲುಪಿದೊಡನೆ ಪಾತ್ರ ಅದಲುಬದಲು: ವೋಲ್ಟೇಜ್ ಸ್ಥಿರ, ಪ್ರವಾಹ ಇಳಿಮುಖ.

ಇದನ್ನು ದೋಷವೆಂದು ಭಾವಿಸಿ ವೋಲ್ಟೇಜ್ ಹೆಚ್ಚಿಸುವುದು ಅಪಾಯಕರ. ಬ್ಯಾಟರಿಯ ನೀರು ವಿಭಜನೆಗೊಂಡು ಜಲಜನಕ ಹೊರಬೀಳುತ್ತದೆ. ಗಾಳಿಯಾಡದ ಕೋಣೆಯಲ್ಲಿ ಸ್ಫೋಟಕ್ಕೆ ಒಂದು ಕಿಡಿ ಸಾಕು. ಬೀದರ್‌ನ ಬೇಸಿಗೆಯಲ್ಲಂತೂ ಡಿಸ್ಟಿಲ್ಡ್ ವಾಟರ್ ಮಟ್ಟವನ್ನು ಆಗಾಗ್ಗೆ ನೋಡುತ್ತಿರಬೇಕು.