ಉದರಶೋಧನ ಚಿಕಿತ್ಸೆಯಲ್ಲಿ ಮೂತ್ರಪಿಂಡದ ಶೇಷಶಕ್ತಿ

ಮೂತ್ರಪಿಂಡಗಳು ಕೆಟ್ಟು ಶರೀರದಲ್ಲಿ ಮಲಾಂಶವೂ ನೀರೂ ನಿಲ್ಲತೊಡಗಿದಾಗ ಮಾಡತಕ್ಕ ಚಿಕಿತ್ಸೆಗಳಲ್ಲಿ ಪೆರಿಟೋನಿಯಲ್ ಡಯಾಲಿಸಿಸ್ ಎಂಬುದೊಂದು. ಉದರದ ಅಂಗಗಳನ್ನು ಹೊದೆದಿರುವ ತೆಳುಪೊರೆಗೆ ಪೆರಿಟೋನಿಯಂ ಎಂದು ಹೆಸರು. ಆ ಪೊರೆಯೇ ಇಲ್ಲಿ ಜರಡಿಯಾಗುವುದರಿಂದ ಇದನ್ನು ಉದರಶೋಧನವೆಂದು ಕರೆಯಬಹುದು. ಆಯುರ್ವೇದದಲ್ಲಿ ವಮನವಿರೇಚನಾದಿಗಳಿಗೆ ರೂಢವಾಗಿರುವ ಶೋಧನಶಬ್ದದ ಅರ್ಥವು ಇಲ್ಲಿ ವಿವಕ್ಷಿತವಲ್ಲ. 1976ರಲ್ಲಿ ಅಮೆರಿಕೆಯ ಆಸ್ಟಿನ್ ನಗರದ ಪಾಪೊವಿಚ್, ಮಾಂಕ್ರೀಫ್ ಎಂಬವರು ಇದರ ನಿರಂತರಕ್ರಮವನ್ನು ವರ್ಣಿಸಿದರು. ಈಗ ಸಾಮಾನ್ಯವಾಗಿ ದಿನಕ್ಕೆ ನಾಲ್ಕಾವರ್ತಿ, ಪ್ರತಿಯೊಂದಾವರ್ತಿಗೆ ಸುಮಾರು 2 ಲೀಟರು ಸಕ್ಕರೆ ಬೆರೆತ ದ್ರವವನ್ನು ಕೊಳವೆಯ ಮೂಲಕ ಉದರಕ್ಕೆ ತುಂಬಿ, ಕೆಲವು ಗಂಟೆಗಳ ಮೇಲೆ ಹೊರಕ್ಕೆ ಬಿಡುವರು.

ಚಿಕಿತ್ಸೆಯನ್ನಾರಂಭಿಸುವಾಗ ಅನೇಕ ರೋಗಿಗಳಲ್ಲಿ ಮೂತ್ರಪಿಂಡವು ಪೂರ್ಣವಾಗಿ ನಿಂತಿರುವುದಿಲ್ಲ. ಅಲ್ಪಸ್ವಲ್ಪ ಮೂತ್ರವು ಹೊರಡುತ್ತಲೇ ಇರುವುದು. ಇದೇ ಶೇಷಶಕ್ತಿ. ಇದರ ಬೆಲೆಯೆಷ್ಟು ಎಂಬುದೇ ಪ್ರಶ್ನೆ.

ಪೂರ್ವಪಕ್ಷವು ಹೀಗಿದ್ದಿತು: ಮೂತ್ರಪಿಂಡವು ಶೋಧಿಸಿದ ಒಂದು ಲೀಟರೂ ಉದರದ ಪೊರೆಯು ಶೋಧಿಸಿದ ಒಂದು ಲೀಟರೂ ಸಮಾನ, ಆದುದರಿಂದ ಒಂದು ಕುಗ್ಗಿದಷ್ಟನ್ನು ಮತ್ತೊಂದರಿಂದ ತುಂಬಬಹುದು. ಕೆನಡಾ ಮತ್ತು ಅಮೆರಿಕೆಯ 680 ರೋಗಿಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಕಾನುಸಾ ಪರಿಶೋಧನೆಯಲ್ಲಿ, ಒಟ್ಟು ಶೋಧನೆ ಹೆಚ್ಚಿದಂತೆ ಆಯುಸ್ಸೂ ಹೆಚ್ಚಿದುದು ಕಂಡುಬಂದುದರಿಂದ ಈ ಪಕ್ಷಕ್ಕೆ ಬಲ ಬಂದಿತು.

ಆದರೆ 2001ರಲ್ಲಿ ಅದೇ ಸಾಮಗ್ರಿಯನ್ನು ಪುನಃ ವಿಮರ್ಶಿಸಿ ಎರಡು ಶೋಧನೆಗಳನ್ನೂ ಬೇರ್ಪಡಿಸಿ ನೋಡಿದಾಗ ಪಕ್ಷವು ನಿಲ್ಲಲಿಲ್ಲ. ದಿನದ ಮೂತ್ರವು 250 ಮಿಲಿಲೀಟರಿನಷ್ಟು ಹೆಚ್ಚಿರುವಲ್ಲಿ ಮರಣಸಂಭವವು ನೂರಕ್ಕೆ 36ರಷ್ಟು ಕಡಿಮೆಯಾಗಿದ್ದಿತು. ಉದರದ ಶೋಧನೆಗಾದರೋ ಅಂತಹ ಸಂಬಂಧವೇ ಕಾಣಲಿಲ್ಲ. ಸಾಹಚರ್ಯಮಾತ್ರದಿಂದ ಕಾರ್ಯಕಾರಣಭಾವವು ಸಿದ್ಧಿಸದೆಂದು ಇಲ್ಲಿ ಆಕ್ಷೇಪಿಸಬಹುದು. ಮೂತ್ರವು ಉಳಿದವನು ಮೊದಲೇ ದೃಢಕಾಯನಾಗಿದ್ದಿರಬಹುದಷ್ಟೆ. ಆದರೆ 2002ರಲ್ಲಿ ಪ್ರಕಟವಾದ ಮೆಕ್ಸಿಕೋ ದೇಶದ ಅಡೆಮೆಕ್ಸ್ ಪರೀಕ್ಷೆಯಲ್ಲಿ 965 ರೋಗಿಗಳನ್ನು ಎರಡು ಗಣಗಳಾಗಿ ವಿಂಗಡಿಸಿ, ಒಂದರಲ್ಲಿ ಉದರದ ಶೋಧನೆಯನ್ನು ಬೇಕೆಂದೇ ಹೆಚ್ಚಿಸಿದರೂ ಆಯುಸ್ಸು ಹೆಚ್ಚಲಿಲ್ಲ. ಹೀಗೆ ಸಮಾನತೆಯ ವಾದವು ಎರಡು ಕಡೆಯಿಂದಲೂ ಬಾಧಿತವಾಯಿತು.

ಈ ಭೇದಕ್ಕೆ ಕಾರಣಗಳುಂಟು. ಮೂತ್ರಪಿಂಡವು ನೀರನ್ನೂ ಲವಣವನ್ನೂ ಅಹೋರಾತ್ರವೂ ಹೊರಹಾಕುವುದು. ಪೊರೆಯನ್ನು ಸುಲಭವಾಗಿ ದಾಟದ ದೊಡ್ಡ ಅಣುಗಳನ್ನೂ ಕಳೆಯುವುದು. ರಕ್ತವೃದ್ಧಿಗೆ ಬೇಕಾದ ರಸವನ್ನು ಸ್ವಲ್ಪಮಟ್ಟಿಗಾದರೂ ಸ್ರವಿಸುವುದು. ಉದರದ ದ್ರವವಾದರೋ ಸಕ್ಕರೆಯ ಬಲದಿಂದ ನೀರನ್ನು ಸೆಳೆಯತಕ್ಕದ್ದು. ಹೊತ್ತು ಕಳೆದಂತೆ ಸಕ್ಕರೆಯು ರಕ್ತಕ್ಕೆ ಇಳಿದು ಸೆಳೆತವು ಕುಗ್ಗುವುದು. ಸಕ್ಕರೆಯ ಪ್ರಮಾಣವನ್ನು ಹೆಚ್ಚಿಸಿದರೆ ನೀರು ಹೆಚ್ಚು ಬರುವುದು ನಿಜ. ಆದರೆ ಆ ಸಕ್ಕರೆಯ ಭಾರವನ್ನು ಶರೀರವೂ ಪೊರೆಯೂ ಹೊರಬೇಕಾಗುವುದು.

ಇಲ್ಲಿಯೇ ವೈದ್ಯನಿಗೆ ಧರ್ಮಸಂಕಟವುಂಟಾಗುವುದು. ನೀರು ನಿಂತರೆ ಕಾಲು ಬಾತು, ರಕ್ತದ ಒತ್ತಡವೇರಿ, ಹೃದಯವು ದಣಿಯುವುದು. ಅತಿಯಾಗಿ ಸೆಳೆದರೆ ಒತ್ತಡವು ಕುಸಿದು, ಮೂತ್ರಪಿಂಡಕ್ಕೆ ರಕ್ತವು ಸಾಲದೆ, ಉಳಿದ ಮೂತ್ರವೂ ಬತ್ತಬಹುದು. ಬತ್ತಿದುದು ಮರಳಿ ಬರುವುದು ಅಪರೂಪ. ರೋಗಿಯನ್ನು ಒಣಗಿಸಿದರೆ ಹೃದಯವು ಉಳಿಯುವುದೆಂಬುದೂ, ನೀರಿನಲ್ಲಿ ಮುಳುಗಿಸಿಟ್ಟರೆ ಮೂತ್ರಪಿಂಡವು ಉಳಿಯುವುದೆಂಬುದೂ ಅತಿರೇಕಗಳೇ.

ಮಧ್ಯಮಮಾರ್ಗವು ಉಪ್ಪಿನಿಂದ ಆರಂಭವಾಗುವುದು. ಉಪ್ಪು ಕಡಿಮೆಯಾದರೆ ಬಾಯಾರಿಕೆ ಕಡಿಮೆಯಾಗಿ, ತೀವ್ರದ್ರವದ ಅವಶ್ಯಕತೆಯೂ ಇಳಿಯುವುದು. ಫ್ಯೂರೋಸಮೈಡ್ ಔಷಧದಿಂದ ಮೂತ್ರದ ಪ್ರಮಾಣವು ಉಳಿಯುವುದಾದರೂ ಶೋಧನಶಕ್ತಿಯು ಉಳಿಯದು. ಇವೆರಡನ್ನೂ ಒಂದೆಂದು ಭ್ರಮಿಸಬಾರದು. ಹಾಂಗ್‌ಕಾಂಗಿನಲ್ಲಿ 60 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರಾಮಿಪ್ರಿಲ್ ಎಂಬ ಔಷಧವು ಶೋಧನಶಕ್ತಿಯ ಕ್ಷಯವನ್ನೇ ನಿಧಾನಗೊಳಿಸಿತು. ಮೂತ್ರಪಿಂಡಕ್ಕೆ ಅಹಿತವಾದ ನೋವಿನ ಮಾತ್ರೆಗಳನ್ನು ವೈದ್ಯನ ಅನುಮತಿಯಿಲ್ಲದೆ ಸೇವಿಸಕೂಡದು.

ಪ್ರತಿದಿನವೂ ತೂಕವನ್ನೂ, ರಕ್ತದ ಒತ್ತಡವನ್ನೂ, ಹೊರಬಂದ ದ್ರವವನ್ನೂ, ಆಗಾಗ ಇಡೀ ದಿನದ ಮೂತ್ರವನ್ನೂ ಅಳೆದು ಬರೆದಿಡುವುದು ಈ ಕಾರಣದಿಂದಲೇ ವಿಹಿತವಾಗಿದೆ. ಮೂತ್ರವು ಕುಗ್ಗಿದುದು ಆ ಲೆಕ್ಕದಲ್ಲಿ ಮೊದಲು ಕಾಣುವುದು. ಊತವು ಆಮೇಲೆ ಬರುವುದು. ಆದುದರಿಂದ ಶೇಷವೆಂಬ ಮಾತಿನಿಂದ ಇದು ಉಪೇಕ್ಷಣೀಯವೆಂದು ತಿಳಿಯದೆ, ಚಿಕಿತ್ಸೆಯ ಪ್ರಧಾನಾಂಗವೆಂದೇ ಇದನ್ನು ಎಣಿಸತಕ್ಕದ್ದು.