ಹೋದ ಬ್ರೇಕು ತಾನೇ ಬಂದರೆ

ಕಾರು ಕೆಟ್ಟಾಗ ಗ್ಯಾರೇಜಿನಲ್ಲಿ ನಾವು ಮೊದಲು ಹೇಳುವುದು ತೀರ್ಪು: ‘ಬ್ಯಾಟರಿ ಹೋಗಿದೆ’, ‘ಪ್ಯಾಡ್ ಸವೆದಿದೆ’. ಮೆಕ್ಯಾನಿಕ್‌ಗೆ ಬೇಕಾದದ್ದು ಸಾಕ್ಷಿ. ಏನಾಯಿತು, ಯಾವಾಗ ಆಯಿತು, ಆಮೇಲೆ ಏನಾಯಿತು ಎಂಬ ಮೂರರಲ್ಲಿ ‘ಯಾವಾಗ’ ಎನ್ನುವುದನ್ನೇ ಜನ ಹೆಚ್ಚಾಗಿ ಮರೆಯುವುದು. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಎಂದು ದೀಪ ಮಂಕಾದರೆ ಬ್ಯಾಟರಿಯನ್ನೂ ಅದರ ತಂತಿಯ ಬಿಗುವನ್ನೂ ನೋಡಬೇಕು. ದೀಪ ಮಂಕಾಗದೆ ಸೆಲ್ಫ್ ಮಾತ್ರ ತಿರುಗದಿದ್ದರೆ ಸೆಲ್ಫ್ ಮೋಟಾರನ್ನೂ ಅದರ ವೈರಿಂಗನ್ನೂ. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುವಾಗ 14ರ ಆಸುಪಾಸು ಇರಬೇಕು. ಓಡುವಾಗಲೂ ಏರದಿದ್ದರೆ ಹೊಸ ಬ್ಯಾಟರಿ ಹಾಕಿ ಫಲವಿಲ್ಲ, ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ನೋಡಬೇಕು. ಹೊಗೆ ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ಕಪ್ಪಾದರೆ ಇಂಧನ ಹೆಚ್ಚಾಗಿದೆ. ಬಿಳಿ ಹೊಗೆಗೆ ಮಾತ್ರ ಗಡಿಯಾರ ಬೇಕು: ಮಲೆನಾಡಿನ ಹುಂಚದ ಮಳೆಗಾಲದ ಬೆಳಗಿನಲ್ಲಿ ಎರಡು ನಿಮಿಷ ಕಂಡು ಮಾಯವಾದರೆ ಅದು ಬರೀ ಆವಿ; ಎಂಜಿನ್ ಕಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ರಾತ್ರಿಯೆಲ್ಲ ನೆನೆದ ಕಾರು ಮೊದಲ ಎರಡು ಮೂರು ಬ್ರೇಕಿಗೆ ಕರಕರ ಎಂದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಉಜ್ಜಿ ಹೋಗುತ್ತದೆ. ಹತ್ತು ಕಿಲೋಮೀಟರ್ ಹೋದರೂ ನಿಲ್ಲದಿದ್ದರೆ ಪ್ಯಾಡನ್ನು ನೋಡಲೇಬೇಕು.

ಇವೆಲ್ಲ ಸುಲಭದವು. ‘ಯಾವಾಗ’ ಎಂಬ ಪ್ರಶ್ನೆಯ ನಿಜವಾದ ಬೆಲೆ ತಿಳಿಯಬೇಕಾದರೆ ಘಟ್ಟ ಇಳಿಯಬೇಕು. ಹುಂಚದಿಂದ ಕರಾವಳಿಗೆ ಹೋಗುವವರಿಗೆ ಮುಖ್ಯವಾಗಿ ಎರಡು ದಾರಿ: ತೀರ್ಥಹಳ್ಳಿಗೆ ಹೋಗಿ ಆಗುಂಬೆ ಘಾಟಿಯಲ್ಲಿ ಸೋಮೇಶ್ವರಕ್ಕೆ ಇಳಿಯುವುದು, ಇಲ್ಲವೇ ಹೊಸನಗರ, ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿಯಲ್ಲಿ ಸಿದ್ದಾಪುರದ ಕಡೆಗೆ ಇಳಿಯುವುದು. ಎರಡರಲ್ಲೂ ಕೆಲವೊಮ್ಮೆ ಒಂದೇ ಬಗೆಯ ವಿಚಿತ್ರ ನಡೆಯುತ್ತದೆ. ಇಳಿಯುತ್ತ ಇಳಿಯುತ್ತ ಬ್ರೇಕ್ ಪೆಡಲ್ ಮೆತ್ತಗಾಗಿ ಕಾಲಡಿಗೆ ಕುಸಿಯುತ್ತದೆ. ಹೇಗೋ ಗಾಡಿ ನಿಲ್ಲಿಸಿ ಗಂಟೆ ಕಳೆದ ಮೇಲೆ ಒತ್ತಿದರೆ ಪೆಡಲ್ ಮೊದಲಿನಂತೆ ಗಟ್ಟಿ. ಮರುದಿನ ಗ್ಯಾರೇಜಿನಲ್ಲಿ ನೋಡಿದರೆ ಸೋರಿಕೆಯಿಲ್ಲ, ಪ್ಯಾಡ್ ದಪ್ಪಗಿದೆ, ಬ್ರೇಕ್ ಹಿಡಿಯುತ್ತದೆ. ‘ಏನೂ ಇಲ್ಲ, ನಿಮಗೆ ಹಾಗೆ ಅನ್ನಿಸಿರಬೇಕು’ ಎಂಬ ಸಮಾಧಾನದೊಂದಿಗೆ ಕಾರು ಮನೆಗೆ ಬರುತ್ತದೆ. ತಾನೇ ಬಂದು ತಾನೇ ಹೋದ ರೋಗ ರೋಗವೇ ಅಲ್ಲ ಎಂಬುದು ಇಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ. ತಣ್ಣಗಿದ್ದಾಗ ಮಾಯವಾಗುವುದೇ ಈ ರೋಗದ ಗುರುತು.

ಕಾರಣ ತಿಳಿಯಲು ಬಚ್ಚಲ ಹಂಡೆಯನ್ನು ನೆನೆಸಿಕೊಂಡರೆ ಸಾಕು. 1,200 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಇಳಿಯಿತೆನ್ನೋಣ. ಅಷ್ಟು ಎತ್ತರದಲ್ಲಿದ್ದಾಗ ಅದರಲ್ಲಿದ್ದ ಶಕ್ತಿ ಸುಮಾರು 59 ಲಕ್ಷ ಜೂಲ್. ಇಳಿದು ನಿಲ್ಲುವಷ್ಟರಲ್ಲಿ ಅದೆಲ್ಲ ಎಲ್ಲಾದರೂ ಹೋಗಲೇಬೇಕು. 18 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಕಾವು ಅದು. ಬಚ್ಚಲೊಲೆ ಸೌದೆ ನುಂಗಿ ಮಾಡುವ ಕೆಲಸವನ್ನು, ಗೇರಿನ ನೆರವಿಲ್ಲದೆ ಇಳಿದರೆ, ಅಂಗೈಯಗಲದ ಪ್ಯಾಡುಗಳು ಕೆಲವೇ ನಿಮಿಷಗಳಲ್ಲಿ ಮಾಡಬೇಕು. ಪ್ಯಾಡಿನ ಬೆನ್ನಿಗೇ ಬ್ರೇಕ್ ಆಯಿಲ್ ಇದೆ. ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಅದೇ, ಏಕೆಂದರೆ ದ್ರವವನ್ನು ಒತ್ತಿ ಕುಗ್ಗಿಸಲಾಗದು. ಆದರೆ ಈ ಆಯಿಲ್‌ಗೆ ಗಾಳಿಯ ತೇವ ಹೀರುವ ಚಾಳಿ ಇದೆ. ರಬ್ಬರ್ ಪೈಪಿನ ಮೂಲಕವೂ ವರ್ಷವರ್ಷ ಒಂದಿಷ್ಟು ನೀರು ಸೇರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಆವಿಯನ್ನು ಕುಗ್ಗಿಸಬಹುದು. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿದು ಪ್ಯಾಡಿಗೆ ತಲುಪುವುದಿಲ್ಲ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ಇನ್ನೂ ಸೊಗಸಾದ (ಚಾಲಕರಿಗೆ ಸೊಗಸಲ್ಲ, ಭೌತಶಾಸ್ತ್ರಕ್ಕೆ) ಒಂದು ಸಂಗತಿಯಿದೆ: ಘಟ್ಟದ ಬುಡದಲ್ಲಿ ಚಹಾಕ್ಕೆಂದು ನಿಲ್ಲಿಸಿದಾಗ ಬೀಸುಗಾಳಿ ನಿಂತು, ಕೆಂಡದಂಥ ಡಿಸ್ಕಿನ ಕಾವು ಒಳಗಿನ ಆಯಿಲ್‌ಗೆ ಹರಿಯುತ್ತದೆ. ಇಳಿಯುವಾಗ ಸರಿಯಿದ್ದ ಪೆಡಲ್ ಚಹಾ ಕುಡಿದು ಹೊರಟಾಗ ಕುಸಿಯುವುದೂ ಉಂಟು.

ಹಾಗೆಂದು ಘಟ್ಟದಲ್ಲಿ ಬ್ರೇಕ್ ಸೋತರೆ ಪ್ರತಿಬಾರಿಯೂ ಆಯಿಲ್ ಕುದಿದಿದೆ ಎಂದಲ್ಲ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಗಾಡಿ ನಿಲ್ಲದೆ ಸುಟ್ಟ ವಾಸನೆ ಬಂದರೆ, ಅತಿ ಕಾವಿಗೆ ಪ್ಯಾಡಿನ ಹಿಡಿತವೇ ಜಾರಿದೆ. ಮೆತ್ತಗಾಗಿ ಕುಸಿದರೆ ಆಯಿಲ್ ಕಡೆ ಬೆರಳು. ತಣ್ಣಗಿದ್ದಾಗಲೂ ಪೆಡಲ್ ನಿಧಾನಕ್ಕೆ ಇಳಿಯುತ್ತಲೇ ಇದ್ದರೆ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರ್. ಅಂಥ ಗಾಡಿಯನ್ನು ಓಡಿಸಲೇಬಾರದು. ಕಾಲು ಹೇಳುವ ಈ ಮೂರು ಮಾತನ್ನು ಗ್ಯಾರೇಜಿಗೆ ಹಾಗೆಯೇ ಮುಟ್ಟಿಸಿದರೆ ಅರ್ಧ ಕೆಲಸ ಮುಗಿದಂತೆ.

‘ಆಯಿಲ್ ಮಟ್ಟ ಸರಿಯಾಗಿದೆಯಲ್ಲ’ ಎನ್ನುವವರಿದ್ದಾರೆ. ಮಟ್ಟ ಹೇಳುವುದು ಎಷ್ಟಿದೆ ಎಂಬುದನ್ನು, ಅದರಲ್ಲಿ ನೀರೆಷ್ಟು ಎಂಬುದನ್ನಲ್ಲ. ‘ಸ್ಕ್ಯಾನರ್ ಹಾಕಿದರೆ ಎಲ್ಲ ತಿಳಿಯುತ್ತದೆ’ ಎಂಬುದು ಇನ್ನೊಂದು ವಾದ. ಸ್ಕ್ಯಾನರ್ ಸೆನ್ಸರುಗಳು ಕಂಡದ್ದನ್ನು ಮಾತ್ರ ಓದುತ್ತದೆ. ಸಾಮಾನ್ಯ ಕಾರುಗಳಲ್ಲಿ ಬ್ರೇಕ್ ಆಯಿಲ್‌ನ ಕಾವನ್ನು ಅಳೆಯುವ ಸೆನ್ಸರೇ ಇರುವುದಿಲ್ಲ. ಮೂರನೆಯದು ಹೆಚ್ಚು ಅಪಾಯದ್ದು: ‘ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ’. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ವಿಷಯ ತಿರುವುಮುರುವು. ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ, ಆಗ ಇಂಧನ ಸಾಮಾನ್ಯವಾಗಿ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಸುರಿಯುತ್ತಲೇ ಇರಬೇಕು. ಕಡಿಮೆ ಗೇರಿನಲ್ಲಿ ಎಂಜಿನ್ ಕೂಗುವುದನ್ನು ಕೇಳಿ ಮರುಗುವವರೂ ಇದ್ದಾರೆ. ಮೀಟರಿನ ಕೆಂಪು ಗೆರೆ ಮುಟ್ಟದಿದ್ದರೆ ಆ ಕೂಗಿನಲ್ಲಿ ಕೇಡಿಲ್ಲ; ಬ್ರೇಕಿಗೆ ಬೀಳಬೇಕಾದ ಹಂಡೆಯ ಕಾವಿನಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತಿದೆ ಎಂಬುದರ ಸದ್ದು ಅದು. ಹತ್ತುವಾಗ ಬೇಕಾದ ಗೇರೇ ಇಳಿಯುವಾಗಲೂ ಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ.

ಆದ್ದರಿಂದ ತೇವ ತುಂಬಿದ ಮಲೆನಾಡಿನಲ್ಲಿ ಬ್ರೇಕ್ ಆಯಿಲನ್ನು ಸುಮಾರು ಎರಡು ವರ್ಷಕ್ಕೊಮ್ಮೆಯಾದರೂ, ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿ, ಬದಲಿಸುವುದು ಜಾಣತನ. ತೇವ ಅಳೆಯುವ ಪುಟ್ಟ ಪರೀಕ್ಷಕವೂ ಸಿಗುತ್ತದೆ. ಅದಕ್ಕಿಂತ ಅಗ್ಗದ ಉಪಕರಣ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡುವ ನೋಟ್‌ಬುಕ್ಕು: ಬಿಸಿಯೋ ತಣ್ಣಗೋ, ಏರೋ ಇಳಿತವೋ, ಮಳೆಯೋ ಬಿಸಿಲೋ ಎಂದು ಪ್ರತಿ ವಿಚಿತ್ರದ ಎದುರು ಬರೆದಿಡಿ. ಒತ್ತಡ ಸಾಗುವ ಬಗೆ, ಕುದಿಬಿಂದು, ಶಕ್ತಿಯ ರೂಪಾಂತರ ಎಲ್ಲವೂ ಶಾಲೆ ಕಾಲೇಜಿನ ವಿಜ್ಞಾನದ ಪುಸ್ತಕಗಳಲ್ಲಿವೆ. ಪರೀಕ್ಷೆ ಮುಗಿದಮೇಲೆ ಆ ಪಾಠಗಳನ್ನು ಯಾರೂ ತಿರುವಿ ನೋಡುವುದಿಲ್ಲ. ಮುಂದಿನ ಸಲ ಘಾಟಿ ಇಳಿಯುವ ಮುನ್ನ ಒಮ್ಮೆ ಓದಿ ನೋಡಿ, ಅಲ್ಲಿನ ಪಿಸ್ಟನ್ನಿನ ಚಿತ್ರ ನಿಮ್ಮ ಪಾದದಡಿಯದೇ ಎಂದು ಗೊತ್ತಾಗುತ್ತದೆ.